ಕಳ್ಳನಾಗಿದ್ದರೆ ಸಾಕು

ಗಂಡನ ಜೇಬು ತಡಕುವ ಹೆಂಗಸರನ್ನು ಕಂಡರೆ ಜನ ಏನೇನೋ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು! ನನ್ನ ಕಸುಬೇ ಜೇಬು ತಡಕುವುದು. ಲಾಂಡ್ರಿಯಲ್ಲಿ ಕೆಲಸ ನನಗೆ. ಗಿರಾಕಿಗಳು ತಂದು ಸುರಿಯುವ ಬಟ್ಟೆಗಳು ಮೆಷಿನ್ನಿಗೆ ಬೀಳುವ ಮುಂಚೆ ಒಂದೊಂದು ಜೇಬನ್ನೂ ಮಗುಚಿ ನೋಡಬೇಕು. ಒಂದೇ ಒಂದು ಪೆನ್ನು ಕಣ್ಣು ತಪ್ಪಿಸಿ ಒಳಗೆ ಹೋಯಿತೆಂದರೆ ಊರವರ ಬಿಳಿ ಅಂಗಿಗಳೆಲ್ಲ ನೀಲಿಯಾಗಿ ಹೊರಗೆ ಬರುತ್ತವೆ. ಯಾರು ಸಿಗರೇಟು ಬಿಟ್ಟೆನೆಂದು ಮನೆಯಲ್ಲಿ ಬುರುಡೆ ಬಿಡುತ್ತಿದ್ದಾರೆ, ಯಾರ ಕೋಟಿನಲ್ಲಿ ಸಿನಿಮಾದ ಜೋಡಿ ಟಿಕೆಟು ಇದೆ, ಎಲ್ಲ ನನಗೆ ಗೊತ್ತು. ಬಾಯಿ ಬಿಡುವುದಿಲ್ಲ, ಅಷ್ಟೆ. ಅಂಥ ನನಗೆ ಸ್ವಂತ ಗಂಡನ ಜೇಬಿನಲ್ಲಿ ಬ್ರೆಡ್ಡಿನ ಒಂದು ಚೂರು ಸಿಗುತ್ತಿಲ್ಲವಲ್ಲ ಎಂದು ಆ ದಿನಗಳಲ್ಲಿ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಸಿಗಬೇಕಿತ್ತು. ಸಿಕ್ಕಿದ್ದರೆ ಆ ಚೂರನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಯಾಕೆಂದು ಹೇಳುತ್ತೇನೆ.

ನಮ್ಮವರು ಪುಸ್ತಕಗಳಿಗೆ ಬೈಂಡು ಹಾಕುವವರು. ಅಂಗಡಿ ಅವರ ಚಿಕ್ಕಪ್ಪನದು. ನಾನು ಚಿಕ್ಕಮಾವ ಎನ್ನುತ್ತೇನೆ. ಆ ಮನೆತನದ ಗಂಡಸರಿಗೆಲ್ಲ ಅದೇ ಕೆಲಸ, ಅದೇ ಬಾಗಿದ ಬೆನ್ನು. ಹರಿದು ಚಿಂದಿಯಾದ ಪುಸ್ತಕ ಕೊಟ್ಟರೆ ತಾಯಿ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಸರಿ ಮಾಡಿ ಕೊಡುತ್ತಾರೆ, ಆದರೆ ಮನೆಯಲ್ಲಿ ಉಪ್ಪು ಬೇಕೆಂದು ಕೇಳುವುದಕ್ಕೂ ಬಾಯಿ ತೆರೆಯುವುದಿಲ್ಲ. ನಮ್ಮಿಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಿ ಮುಗಿಸುತ್ತೇನೆಂದು ನನ್ನ ನಾದಿನಿ ತಮಾಷೆ ಮಾಡುತ್ತಾಳೆ. ಅದೇನೂ ಸುಳ್ಳಲ್ಲ.

ಹೋದ ವರ್ಷ ಇವರಿಗೆ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ಸರಿಯಾಗಲೇ ಇಲ್ಲ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಬೆಲ್ಟಿಗೆ ಮೇಲಿಂದ ಮೇಲೆ ಹೊಸ ತೂತು ಕೊರೆಯಬೇಕಾಯಿತು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಂತುಬಿಡುತ್ತಿದ್ದರು. ಗ್ಯಾಸು ಅಂದವರು ಒಬ್ಬರು, ಟೆನ್ಷನ್ನು ಅಂದವರು ಇನ್ನೊಬ್ಬರು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ತೆಗೆಸಿ, ಬಾಯಿಂದ ಕ್ಯಾಮೆರಾ ಇಳಿಸಿ, ಕರುಳಿನ ಚೂರು ಪರೀಕ್ಷೆ ಮಾಡಿಸಿ, ಇದು ಸೀಲಿಯಾಕ್ ಎಂಬ ಕಾಯಿಲೆ ಎಂದರು. ಗೋಧಿಯಲ್ಲಿ, ಬಾರ್ಲಿಯಲ್ಲಿ ಗ್ಲುಟೆನ್ ಅಂತ ಒಂದು ಇರುತ್ತದಂತೆ. ಅದು ಒಳಗೆ ಹೋದರೆ ಇವರ ಮೈ ತನ್ನ ಕರುಳಿನ ಮೇಲೆ ತಾನೇ ಜಗಳಕ್ಕೆ ಬೀಳುತ್ತದಂತೆ.

"ಇದಕ್ಕೆ ಮಾತ್ರೆ ಇಲ್ಲ, ಊಟಾನೇ ಔಷಧಿ," ಎಂದರು ಡಾಕ್ಟರಮ್ಮ. "ಗೋಧಿ ಬಾಯಿಗೆ ಹೋಗಲೇಬಾರದು. ಒಂದು ಚೂರು ಅಂದ್ರೆ ಒಂದು ಚೂರೂ. ಕೆಲಸ ಮಾಡೋ ಕಡೆ ಹಿಟ್ಟು ಗಿಟ್ಟು ಏನಾದ್ರೂ ಇದೆಯಾ? ಹೋಟೆಲ್ಲು, ಗಿರಣಿ?"

"ಕಾಗದದ ಕೆಲಸ ಮೇಡಂ," ಎಂದೆ ನಾನು, ಇವರು ಬಾಯಿ ತೆರೆಯುವ ಮೊದಲೇ. "ಪುಸ್ತಕ ಯಾರಾದ್ರೂ ತಿಂತಾರಾ?"

ಡಾಕ್ಟರಮ್ಮ ನಕ್ಕರು. ನಮ್ಮವರೂ ನಕ್ಕರು.

ಮನೆಗೆ ಬಂದವಳೇ ಅಡುಗೆಮನೆಗೆ ಯುದ್ಧಕ್ಕೆ ನುಗ್ಗಿದೆ. ಹಿಟ್ಟಿನ ಪ್ಯಾಕೆಟ್ಟು, ಡಬ್ಬಿ, ಬಿಸ್ಕತ್ತು, ಶ್ಯಾವಿಗೆ, ಬ್ರೆಡ್ ಕಾಯಿಸುವ ಮೆಷಿನ್ನು, ಹಿಟ್ಟು ಜರಡಿ, ಸಂದಿಯಲ್ಲಿ ಹಿಟ್ಟು ಕೂತಿರಬಹುದಾದ ಮರದ ಸೌಟು, ಎಲ್ಲ ಹೊರಗೆ ಹೋಯಿತು. ಕಪಾಟನ್ನು ಮೂಲೆಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಿದೆ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದುತ್ತ ಅಡ್ಡ ನಿಂತು ಎಷ್ಟು ಜನರ ಕೈಲಿ ಬೈಸಿಕೊಂಡೆನೋ ಲೆಕ್ಕವಿಲ್ಲ. ಸಾಸಿನಲ್ಲೂ ಗೋಧಿ, ಮಸಾಲೆ ಪುಡಿಯಲ್ಲೂ ಗೋಧಿ. ಕಳ್ಳ ಮುಂಡೇದು ಎಲ್ಲಿ ನೋಡಿದರೂ ಇತ್ತು. ನಾನೂ ಬ್ರೆಡ್ಡು ಬಿಟ್ಟೆ. ಅನ್ನ, ಆಲೂಗಡ್ಡೆ, ಮೊಟ್ಟೆ, ಕಾಳು ಬೇಯಿಸಿದ್ದು, ಇಬ್ಬರಿಗೂ ಅದೇ.

ಡಾಕ್ಟರಮ್ಮ ಹೇಳಿದಂತೆ ಇವರು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದರು. ಅಬ್ಬಾ, ಆ ದಿನಗಳು! ವಾರ ವಾರಕ್ಕೂ ಮುಖದಲ್ಲಿ ರಕ್ತ ತುಂಬಿಕೊಳ್ಳುತ್ತಿತ್ತು. ಬೆಲ್ಟಿನ ಹೊಸ ತೂತುಗಳು ಒಂದೊಂದಾಗಿ ಕೆಲಸವಿಲ್ಲದೆ ಕೂತವು. ಒಂದು ಬೆಳಗ್ಗೆ ಮೆಟ್ಟಿಲನ್ನು ಓಡಿ ಹತ್ತಿ ಬಂದು, ಏದುಸಿರು ಬಿಡದೆ ನನ್ನ ಮುಂದೆ ನಿಂತು, "ನೋಡಿದ್ಯಾ?" ಎಂದರು. ನಾನು ದೃಷ್ಟಿ ಬೀಳುತ್ತದೆಂದು ಬೈದೆ. ರಕ್ತದ ರಿಪೋರ್ಟಿನಲ್ಲಿ ಕಾಯಿಲೆಯ ಅಂಕಿ ಇಳಿದಿತ್ತು. ಇನ್ನು ಕೆಲಸಕ್ಕೆ ಹೋಗಬಹುದು ಎಂದರು ಡಾಕ್ಟರಮ್ಮ.

ಹೋದರು. ಹಳೆಯ ಲೈಬ್ರರಿಯೊಂದರ ರಾಶಿ ಪುಸ್ತಕಗಳು ರಿಪೇರಿಗೆ ಬಂದಿದ್ದವು, ಚಿಕ್ಕಮಾವನಿಗೆ ಒಬ್ಬರ ಕೈಲಿ ಆಗುತ್ತಿರಲಿಲ್ಲ. ತಿಂಗಳು ಕಳೆಯುವುದರೊಳಗೆ ಇವರ ಹೊಟ್ಟೆ ಮತ್ತೆ ಹಳೆಯ ರಾಗ ತೆಗೆಯಿತು. ಊಟ ನಾನೇ ಕಟ್ಟಿ ಕೊಡುತ್ತಿದ್ದೆ, ನೀರು ಸಹ ಮನೆಯದೇ. ಆದರೂ ಕಣ್ಣು ಗುಳಿ ಬಿದ್ದವು. ಮತ್ತೆ ಕಂಬಿ ಹಿಡಿದು ನಿಲ್ಲತೊಡಗಿದರು.

ರಿಪೋರ್ಟು ನೋಡಿ ಡಾಕ್ಟರಮ್ಮ ಈ ಸಲ ನಗಲಿಲ್ಲ.

"ಎರಡರಲ್ಲಿ ಒಂದು," ಎಂದರು. "ಎಲ್ಲೋ ಗೋಧಿ ಹೊಟ್ಟೆಗೆ ಹೋಗ್ತಾ ಇದೆ. ಗೊತ್ತಿದ್ದೋ, ಗೊತ್ತಿಲ್ದೇನೋ."

"ಗೊತ್ತಿಲ್ದೆ ಹೋಗೋಕೆ ಸಾಧ್ಯಾನೇ ಇಲ್ಲ ಮೇಡಂ. ನಮ್ಮ ಅಡುಗೆಮನೆಗೆ ಬಂದು ನೋಡಿ ಬೇಕಾದ್ರೆ."

"ಹಾಗಾದ್ರೆ ಇನ್ನೊಂದು. ಎಷ್ಟೇ ಪಥ್ಯ ಮಾಡಿದ್ರೂ ಕರುಳು ವಾಸಿಯಾಗದೇ ಇರೋ ಒಂದು ಜಾತಿ ಇದೆ. ಅಪರೂಪ, ಆದ್ರೆ ಕೆಟ್ಟದ್ದು. ಕೆಲವರಿಗೆ ಕ್ಯಾನ್ಸರಿಗೆ ತಿರುಗುತ್ತೆ. ಮತ್ತೆ ಕ್ಯಾಮೆರಾ ಹಾಕಿ ನೋಡಬೇಕಾಗುತ್ತೆ." ಆಮೇಲೆ ಇವರ ಕಡೆ ತಿರುಗಿ ಮೆತ್ತಗೆ ಕೇಳಿದರು: "ನಿಜ ಹೇಳಿ. ಹೊರಗಡೆ ಏನಾದ್ರೂ ತಿಂತೀರಾ?"

"ಇಲ್ಲ," ಎಂದರು ಇವರು. ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ನಾನು ತೀರ್ಮಾನಿಸಿಬಿಟ್ಟಿದ್ದೆ. ಸುಳ್ಳು ಹೇಳುತ್ತಿದ್ದಾರೆ. ಹೇಳುತ್ತಿರಲೇಬೇಕು. ಮನೆಯಲ್ಲಿದ್ದಾಗ ಹುಷಾರಾಗಿದ್ದವರು ಅಂಗಡಿಗೆ ಹೋದಮೇಲೆ ಕೆಟ್ಟರು. ಅಂಗಡಿಯ ಪಕ್ಕಕ್ಕೆ ಏನಿದೆ? ಬೇಕರಿ. ಕಾಯಿಲೆಗೆ ಮುಂಚೆ ಇವರು ದಿನಾ ಸಂಜೆ ಅಲ್ಲಿ ಬಿಸಿ ಬನ್ನು ತಿನ್ನುತ್ತಿದ್ದರು, ಕಾಗದದಲ್ಲಿ ಸುತ್ತಿಸಿಕೊಂಡು ನನಗೂ ಒಂದು ತರುತ್ತಿದ್ದರು. ಇನ್ನೇನು ಸಾಕ್ಷಿ ಬೇಕು? ಆ ಬಿಸಿ ಬನ್ನಿನ ವಾಸನೆಗೆ ಮನಸ್ಸು ಸೋತಿರಬೇಕು. ಸೋಲಲಿ. ಕಳ್ಳನಾದರೆ ಬೈದು ಬುದ್ಧಿ ಹೇಳಬಹುದು, ಕಾವಲು ಕೂರಬಹುದು, ಕಳ್ಳ ವಾಸಿಯಾಗುತ್ತಾನೆ. ನನ್ನ ಗಂಡ ಕಳ್ಳನಾಗಿದ್ದರೆ ಸಾಕು ಎಂದು ಬಸ್ಸಿನುದ್ದಕ್ಕೂ ಬೇಡಿಕೊಂಡೆ.

ಆಮೇಲೆ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸಂಜೆ ಅವರು ಬಾಗಿಲು ದಾಟುತ್ತಿದ್ದ ಹಾಗೇ ಹತ್ತಿರ ಹೋಗಿ ಬಾಯಿಯ ವಾಸನೆ ನೋಡುತ್ತಿದ್ದೆ. ಅಂಗಿ ಬಿಚ್ಚಿದ ಕೂಡಲೇ ಜೇಬು, ಮಡಿಕೆ, ಕಾಲರಿನ ಒಳಗೆ. ಸಿಗುತ್ತಿದ್ದದ್ದು ನೂಲಿನ ತುಂಡು, ಕಾಗದದ ಧೂಳು, ತೋಳಿನ ತುದಿಯಲ್ಲಿ ಒಣಗಿ ಗಟ್ಟಿಯಾದ ಅಂಟು. ಮದುವೆಯಾದಾಗಿನಿಂದ ಒಗೆಯುತ್ತಿರುವ ಅದೇ ಕಸ. ಲಾಂಡ್ರಿಯಲ್ಲಿ ಮೆಷಿನ್ನು ತಿರುಗುತ್ತಿದ್ದರೆ ನನ್ನ ಕಾಲೂ ಅದರ ಮುಂದೆ ಅತ್ತಿಂದಿತ್ತ ತಿರುಗುತ್ತಿತ್ತು. ಒಬ್ಬ ವಕೀಲರ ಕೋಟಿನ ಜೇಬಿನಲ್ಲಿ ಅರ್ಧ ಬಿಸ್ಕತ್ತು ಸಿಕ್ಕಿತು. ಯಾರ್ಯಾರ ಜೇಬಿನಲ್ಲೋ ಇರುತ್ತದೆ, ನನ್ನ ಗಂಡನ ಜೇಬಿನಲ್ಲಿ ಇರಬಾರದಾ ಎಂದು ಅದನ್ನು ಕೈಯಲ್ಲಿ ಹಿಡಿದು ಅತ್ತೇಬಿಟ್ಟೆ. ಜೊತೆಯವಳು ನನಗೆ ತಲೆ ಕೆಟ್ಟಿದೆ ಅಂದುಕೊಂಡಳು.

ಒಂದು ಭಾನುವಾರ ನಾದಿನಿ ಬಂದಿದ್ದಳು. ಅವಳೆದುರಿಗೇ ನಾನು ಇವರ ಊಟದ ಚೀಲವನ್ನು ಮೇಜಿನ ಮೇಲೆ ಕವುಚಿ ಕೊಡವಿದೆ.

"ಅತ್ತಿಗೆ, ನೀವು ಪೊಲೀಸಿಗೆ ಸೇರಬೇಕಿತ್ತು," ಎಂದಳು ಅವಳು. "ಪಾಪ ನಮ್ಮಣ್ಣ. ಕೈಗೆ ಬೇಡಿ ಒಂದು ಹಾಕಿಬಿಡಿ."

"ಹಾಕ್ತೀನಿ! ತಪ್ಪು ಒಪ್ಕೊಂಡ್ರೆ ಬಿಡ್ತೀನಿ. ಕೇಳು ನಿಮ್ಮಣ್ಣನ್ನ, ಬೇಕರಿಗೆ ಹೋಗ್ತಾರೋ ಇಲ್ವೋ."

"ಹೋಗಲ್ಲ," ಎಂದರು ಇವರು.

"ಸುಳ್ಳು!"

"ಹೋಗಲ್ಲ ಕಣೆ."

ನನಗೆ ತಡೆಯಲಾಗಲಿಲ್ಲ. ಚೀಲವನ್ನು ಗೋಡೆಗೆ ಎಸೆದೆ. "ಹೋಗ್ತೀನಿ ಅನ್ರೀ! ಒಂದು ಸಲ ಅನ್ರೀ! ತಿಂದೆ ಅಂತ ಒಂದು ಮಾತು ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಕಿರುಚಿದೆ. ನಾದಿನಿಯ ನಗು ಬಾಯಲ್ಲೇ ನಿಂತಿತು. ಇವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಪುಟ ಎಲ್ಲಿ ಹರಿದಿದೆ ಎಂದು ನೋಡುವಾಗ ಹಾಗೆ ನೋಡುತ್ತಾರೆ.

ನಾದಿನಿ ಹೋದಮೇಲೆ ಇವರು ನನ್ನ ಪಕ್ಕ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದರು. ಎರಡು ಆಲೂಗಡ್ಡೆ ಮುಗಿಯಿತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು, ತಲೆ ಎತ್ತದೆ, "ತಿಂತಾ ಇದ್ದೆ," ಎಂದರು.

"ಏನು?"

"ಬನ್ನು. ದಿನಾ ಒಂದು."

"ಬೆಣ್ಣೆ ಹಚ್ಚಿದ್ದಾ?"

ಸ್ವಲ್ಪ ಯೋಚಿಸಿ, "ಹೂಂ, ಬೆಣ್ಣೆ ಹಚ್ಚಿದ್ದು," ಎಂದರು.

ಪಕ್ಕದಲ್ಲಿದ್ದ ಟವೆಲ್ಲು ತೆಗೆದುಕೊಂಡು ಬೆನ್ನಿಗೆ, ಭುಜಕ್ಕೆ, ತಲೆಗೆ ಸಿಕ್ಕ ಸಿಕ್ಕಲ್ಲಿ ಬಾರಿಸಿದೆ. ಬಾರಿಸುತ್ತಾ ನಗುತ್ತಿದ್ದೆ, ನಗುತ್ತಾ ಅಳುತ್ತಿದ್ದೆ. "ನಾಚಿಕೆ ಆಗಲ್ವಾ? ನಾನಿಲ್ಲಿ ಬ್ರೆಡ್ಡಿನ ಮುಖ ನೋಡದೆ ಆಲೂಗಡ್ಡೆ ತಿಂದು ತಿಂದು ಆಲೂಗಡ್ಡೆ ಥರಾನೇ ಆಗಿದ್ದೀನಿ, ನೀವಲ್ಲಿ ಬೆಣ್ಣೆ ಬನ್ನು ಮುಕ್ತಾ ಇದ್ರಾ?" ಅವರು ಏಟುಗಳನ್ನೆಲ್ಲ ತಿಂದುಕೊಂಡು ಸುಮ್ಮನೆ ಕೂತಿದ್ದರು. ನನಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಎಷ್ಟೋ ಕಾಲದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದೆ.

ಮರುದಿನವೇ ಡಾಕ್ಟರಮ್ಮನಿಗೆ ಫೋನು ಮಾಡಿ ಕಳ್ಳ ಸಿಕ್ಕಿದನೆಂದು ಹೇಳಿದೆ. "ಒಳ್ಳೇದಾಯ್ತು ಬಿಡಿ," ಎಂದು ಅವರೂ ಉಸಿರು ಬಿಟ್ಟರು. ಕ್ಯಾಮೆರಾ ಸದ್ಯಕ್ಕೆ ಬೇಡ, ಕಟ್ಟುನಿಟ್ಟಾಗಿ ಪಥ್ಯ ಮಾಡಲಿ, ಆಮೇಲೆ ಇನ್ನೊಂದು ಸಲ ರಕ್ತ ನೋಡೋಣ ಎಂದರು.

ತಪ್ಪು ಒಪ್ಪಿಕೊಂಡ ಗಂಡಸು ಎಷ್ಟು ಉಪಯೋಗಕ್ಕೆ ಬರುತ್ತಾನೆಂದು ನನಗೆ ಆಗ ತಿಳಿಯಿತು. ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ಬಚ್ಚಲಿನ ನಲ್ಲಿ ಸರಿಯಾಯಿತು. ಹಿತ್ತಲ ಬಾಗಿಲಿಗೆ ಹೊಸ ಚಿಲಕ ಬಂತು. ಒಂದು ದಿನ ನನ್ನನ್ನು ಕುರ್ಚಿಯ ಮೇಲೆ ಹತ್ತಿಸಿ, ಕರೆಂಟಿನ ಫ್ಯೂಸು ಹಾಕುವುದು ಹೇಗೆಂದು ತೋರಿಸಿದರು. "ನೀವೇ ಹಾಕಿ, ನನಗ್ಯಾಕೆ?" ಎಂದರೆ, "ಕಲ್ತಿರು," ಎಂದರು. ಬ್ಯಾಂಕಿಗೆ ಕರೆದುಕೊಂಡು ಹೋಗಿ ಎಲ್ಲದಕ್ಕೂ ನನ್ನ ಹೆಸರು ಸೇರಿಸಿದರು. ನಾನು ನಾದಿನಿಗೆ ಫೋನಿನಲ್ಲಿ, "ನಿಮ್ಮಣ್ಣ ಲಂಚ ಕೊಡ್ತಾ ಇದಾರೆ ಕಣೆ, ಒಂದು ಬನ್ನಿಗೆ ಒಂದು ರಿಪೇರಿ," ಎಂದು ಹೇಳಿ ನಕ್ಕೆ.

ಆದರೆ ಮೈ ಇಳಿಯುವುದು ನಿಲ್ಲಲಿಲ್ಲ. ನೋಡಿದರೂ ನೋಡದವಳ ಹಾಗೆ ಒಂದಷ್ಟು ದಿನ ತಳ್ಳಿದೆ. ಒಂದು ಬೆಳಗ್ಗೆ ಅಂಗಿ ತೊಡುವಾಗ ಅವರ ಬೆನ್ನ ಮೂಳೆಗಳು ಕಣ್ಣಿಗೆ ಬಿದ್ದವು. ಮತ್ತೆ ತಿನ್ನಲು ಶುರು ಮಾಡಿದ್ದಾರೆ, ಇನ್ನೇನು! ಲಾಂಡ್ರಿಗೆ ಹೋದೆ, ಕೈ ಕೆಲಸಕ್ಕೆ ಬಗ್ಗಲಿಲ್ಲ. ಯಾರದೋ ಪ್ಯಾಂಟಿನ ಜೇಬಿನಲ್ಲಿದ್ದ ಪೆನ್ನು ನನ್ನ ಕಣ್ಣಿಗೇ ಬೀಳದೆ ಮೆಷಿನ್ನಿಗೆ ಹೋಗಿ, ರಾಶಿ ದಿಂಬಿನ ಕವರುಗಳು ನೀಲಿಯಾದವು. ಜೊತೆಯವಳು ತಲೆ ಚಚ್ಚಿಕೊಳ್ಳುತ್ತಿದ್ದರೆ ನಾನು ಏಪ್ರನ್ನೂ ಬಿಚ್ಚದೆ ಬೀದಿಗೆ ಇಳಿದೆ. ಆ ಬೇಕರಿಯವಳ ಗ್ರಹಚಾರ ಬಿಡಿಸದೆ ಇವತ್ತು ನೀರೂ ಕುಡಿಯುವುದಿಲ್ಲ ಅಂದುಕೊಂಡೆ.

ಮಧ್ಯಾಹ್ನದ ಹೊತ್ತು. ಬೇಕರಿಯ ಗಾಜಿನ ಪೆಟ್ಟಿಗೆಯ ಹಿಂದೆ ಬೇಕರಿಯಮ್ಮ ಟ್ರೇ ಒರೆಸುತ್ತಿದ್ದರು.

"ನಿಮಗೆ ಮನುಷ್ಯತ್ವ ಇದೆಯೇನ್ರೀ?" ಎಂದೇ ಶುರು ಮಾಡಿದೆ. "ಕಾಯಿಲೆ ಬಿದ್ದಿರೋ ಮನುಷ್ಯನಿಗೆ ದಿನಾ ಬನ್ನು ಕೊಡ್ತೀರಲ್ಲ!"

"ಯಾರಿಗಮ್ಮ?"

"ಪಕ್ಕದ ಬೈಂಡಿಂಗ್ ಅಂಗಡಿಯವರಿಗೆ. ನಾನು ಅವರ ಹೆಂಡತಿ."

ಬೇಕರಿಯಮ್ಮ ಬಟ್ಟೆ ಕೆಳಗಿಟ್ಟರು. "ಅವರಿಗಾ? ಅವರು ನಮ್ಮ ಮೆಟ್ಟಿಲು ಹತ್ತಿ ಎಷ್ಟು ಕಾಲ ಆಯ್ತಮ್ಮ. ಕಾಯಿಲೆ ಅಂತ ಗೊತ್ತಾದ ದಿನ ಬಂದು ಹೇಳಿ ಹೋದ್ರು, ಇನ್ನು ಬರೋಕಾಗಲ್ಲ ಬೇಜಾರು ಮಾಡ್ಕೋಬೇಡಿ ಅಂತ. ಅಷ್ಟು ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಈಗ ಈ ಕಡೆಯಿಂದ ಬರೋದೇ ಇಲ್ಲ. ರಸ್ತೆ ದಾಟಿ ಆ ಕಡೆ ಫುಟ್‌ಪಾತಲ್ಲಿ ಹೋಗ್ತಾರೆ, ಮೂಗಿಗೆ ಕರ್ಚೀಫು ಹಿಡ್ಕೊಂಡು. ಹಿಟ್ಟಿನ ಧೂಳು ಹಾರುತ್ತಲ್ಲ, ಅದಕ್ಕೆ."

"ಹೋದ ತಿಂಗಳು?"

"ಹೋದ ತಿಂಗಳೂ ಇಲ್ಲ. ಅದರ ಹಿಂದಿನ ತಿಂಗಳೂ ಇಲ್ಲ. ಕೂತ್ಕೊಳ್ಳಿ, ಮುಖ ಯಾಕೆ ಹೀಗಾಯ್ತು? ನೀರು ಕೊಡ್ಲಾ?"

ಹೊರಗೆ ಬಂದು ಬೇಕರಿಯ ಗೋಡೆಗೆ ಒರಗಿದೆ. ತಿಂದಿಲ್ಲ. ಒಂದು ದಿನವೂ ತಿಂದಿಲ್ಲ. ಹಾಗಾದರೆ ಡಾಕ್ಟರಮ್ಮ ಹೇಳಿದ ಎರಡರಲ್ಲಿ ಉಳಿದದ್ದು ಒಂದೇ. ನನಗೆ ಇದು ಗೊತ್ತಾಗಿ ಇನ್ನೂ ಒಂದು ಗಳಿಗೆ ಆಗಿಲ್ಲ, ಆಗಲೇ ಗೋಡೆ ಹಿಡಿಯುವಂತಾಗಿದೆ. ತಾವು ತಿಂದಿಲ್ಲ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತಲ್ಲ! ನಲ್ಲಿ, ಚಿಲಕ, ಬ್ಯಾಂಕು. ಕುರ್ಚಿಯ ಮೇಲೆ ಹತ್ತಿಸಿ ಫ್ಯೂಸು ಹಾಕಲು ಕಲಿಸಿದ್ದು ಯಾಕೆ ಎಂದು ಆಗ ಹೊಳೆಯಿತು. ನಾನು ಅದಕ್ಕೆ ಲಂಚ ಎಂದು ಹೆಸರಿಟ್ಟು ನಕ್ಕಿದ್ದೆ. ಥೂ ನನ್ನ ಜನ್ಮಕ್ಕೆ.

ಓಡಿದೆ. ಓಡುವಷ್ಟು ದೂರವೇನಲ್ಲ, ಪಕ್ಕದ ಬಾಗಿಲು. ಆದರೂ ಓಡಿದೆ.

ಆ ಅಂಗಡಿಯೊಳಗೆ ನಾನು ಹೋಗುವುದು ಅಪರೂಪ. ಕಾಗದದ ಧೂಳಿಗೆ ಸೀನು ಬರುತ್ತದೆ, ಹಾಗಾಗಿ ಬಾಗಿಲಲ್ಲೇ ನಿಂತು ಕೂಗಿ ಕರೆಯುವ ರೂಢಿ. ಅವತ್ತು ಕೂಗಲು ದನಿಯೇ ಬರಲಿಲ್ಲ, ಹೊಸ್ತಿಲ ಮೇಲೆ ನಿಂತುಬಿಟ್ಟೆ. ಇವರು ಕಿಟಕಿಯ ಪಕ್ಕದ ಮೇಜಿನಲ್ಲಿ ನನಗೆ ಅರ್ಧ ಬೆನ್ನು ಮಾಡಿ ಕೂತಿದ್ದರು. ಎದುರಿಗೆ ಲೈಬ್ರರಿಯ ದಪ್ಪ ಪುಸ್ತಕ, ಪುಟಗಳೆಲ್ಲ ಕಿತ್ತು ಬಂದದ್ದು. ಎಡಕ್ಕೆ ಅಂಟಿನ ಬಟ್ಟಲು. ತೋರುಬೆರಳನ್ನು ಬಟ್ಟಲಿಗೆ ಅದ್ದಿ, ಹಾಳೆಯ ಅಂಚಿಗೆ ಉದ್ದಕ್ಕೆ ಸವರಿ, ಅದನ್ನು ಅದರ ಜಾಗದಲ್ಲಿ ಕೂರಿಸಿ ಒತ್ತಿದರು. ಬೆರಳನ್ನು ಏಪ್ರನ್ನಿಗೆ ಒರೆಸಿದ ಹಾಗೆ ಮಾಡಿ, ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು, ಮುಂದಿನ ಹಾಳೆ ಎತ್ತಿದರು. ಮತ್ತೆ ಬಟ್ಟಲು. ಮತ್ತೆ ಹಾಳೆಯ ಅಂಚು. ಮತ್ತೆ ನಾಲಿಗೆ.

ಆ ಮನೆತನದವರೆಲ್ಲ ಹಾಗೇ ಪುಟ ಎತ್ತುವುದು. ಮದುವೆಯ ಫೋಟೋ ಆಲ್ಬಮ್ಮನ್ನೂ ಹಾಗೇ ತಿರುವುತ್ತಾರೆ. ನಾನು ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದೆ.

ಹಿಂದಿನ ಮೂಲೆಯ ಸಣ್ಣ ಒಲೆಯ ಹತ್ತಿರ ಚಿಕ್ಕಮಾವ ನಿಂತಿದ್ದರು. ಪಾತ್ರೆಯಲ್ಲಿ ಕುದಿಯುವ ನೀರು. ಒಂದು ಪ್ಯಾಕೆಟ್ಟು ಬಿಚ್ಚಿ ಬಿಳಿಯ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ, ಗಂಟಾಗದಂತೆ ಮೆಲ್ಲನೆ ಅದಕ್ಕೆ ಸುರಿಯುತ್ತಿದ್ದರು. ಆ ಪ್ಯಾಕೆಟ್ಟಿನ ಹಸಿರು ಪಟ್ಟಿ ನನಗೆ ಚೆನ್ನಾಗಿ ಗೊತ್ತು. ಅಡುಗೆಮನೆಯಿಂದ ನಾನು ಮೊಟ್ಟಮೊದಲು ಹೊರಗೆ ಎಸೆದದ್ದು ಅದನ್ನೇ. ಮೈದಾ.

"ಉಗೀರಿ!" ಎಂದು ಕಿರುಚಿದೆ.

ಇಬ್ಬರೂ ಬೆಚ್ಚಿ ತಿರುಗಿದರು. ನಾನು ಹೋಗಿ ಇವರ ಮುಂಗೈ ಹಿಡಿದುಕೊಂಡೆ. ಬೆರಳ ತುದಿಯಲ್ಲಿ ಅಂಟು ಇನ್ನೂ ಹೊಳೆಯುತ್ತಿತ್ತು.

"ಏನೇ ಇದು? ಲಾಂಡ್ರಿ ಬಿಟ್ಟು ಇಲ್ಲಿ..."

"ಇದೇನಿದು ಬೆರಳಲ್ಲಿ?"

"ಅಂಟು."

"ಯಾವುದರಿಂದ ಮಾಡಿದ್ದು?"

ಅವರು ಉತ್ತರ ಕೊಡುವ ಮೊದಲೇ ಚಿಕ್ಕಮಾವ ಹಿಂದಿನಿಂದ, "ಮೈದಾದಿಂದ ಕಣಮ್ಮ. ನಮ್ಮ ಅಜ್ಜನ ಕಾಲದಿಂದಾನೂ ಇದೇ, ಗೋಧಿ ಅಂಟಿನಷ್ಟು ಗಟ್ಟಿ ಬೇರೆ ಯಾವುದು..." ಎಂದು ಹೆಮ್ಮೆಯಿಂದ ಶುರು ಮಾಡಿದವರು ಅಲ್ಲಿಗೇ ನಿಂತರು. ಸೌಟು ಕೈಯಲ್ಲೇ ಉಳಿಯಿತು. ಪಾತ್ರೆಯಲ್ಲಿ ಅಂಟು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ಅವರು ನೋಡಲಿಲ್ಲ.

ಇವರು ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ಬಟ್ಟಲನ್ನು ನೋಡಿದರು. ಮೇಜಿನ ಪಕ್ಕದಲ್ಲಿ ಎದೆಯೆತ್ತರಕ್ಕೆ ಪೇರಿಸಿಟ್ಟಿದ್ದ, ಆಗಲೇ ಮುಗಿಸಿದ್ದ ಪುಸ್ತಕಗಳ ಕಡೆ ಕಣ್ಣು ಹೋಯಿತು. ಒಂದೊಂದರಲ್ಲೂ ಎಷ್ಟೆಷ್ಟು ಹಾಳೆ!

"ಮೈದಾ ಅಂತ ಗೊತ್ತಿತ್ತು," ಎಂದರು ಸಣ್ಣ ದನಿಯಲ್ಲಿ. "ಗೊತ್ತಿಲ್ದೆ ಏನು. ಆದ್ರೆ ಅದು ಅಂಟು ಕಣೆ. ತಿನ್ನೋದಲ್ಲ."

ನನಗೆ ಬೈಯಬೇಕೆನಿಸಿತು. ಆದರೆ ಯಾವ ಬಾಯಿಂದ ಬೈಯಲಿ? ಪುಸ್ತಕ ಯಾರಾದರೂ ತಿನ್ನುತ್ತಾರಾ ಎಂದು ಡಾಕ್ಟರಮ್ಮನಿಗೆ ಹೇಳಿದ ಬಾಯಿ ನನ್ನದೇ ತಾನೆ. ಚಿಕ್ಕಮಾವ ಒಲೆ ಆರಿಸಿ, ಸ್ಟೂಲಿನ ಮೇಲೆ ಕುಸಿದು ಕೂತು, "ಅಯ್ಯೋ ನನ್ನ ಕೈಯಾರೆ ಬೇಯಿಸಿ ಕೊಟ್ನಲ್ಲಪ್ಪಾ," ಎಂದು ಹಣೆ ಹಿಡಿದುಕೊಂಡರು.

"ಬೇಕರಿಯವರನ್ನ ಕೇಳಿ ಬಂದೆ," ಎಂದೆ ನಾನು. "ನೀವು ಬನ್ನು ತಿಂದೇ ಇಲ್ವಂತೆ. ಯಾಕ್ರೀ ತಿಂದೆ ಅಂದ್ರಿ?"

ಅವರು ಕೈ ಬಿಡಿಸಿಕೊಳ್ಳಲಿಲ್ಲ. "ನೀನು ಹೇಳು ಹೇಳು ಅಂತಿದ್ದೆ. ಊಟ ಬಿಟ್ಟಿದ್ದೆ, ನಿದ್ದೆ ಬಿಟ್ಟಿದ್ದೆ. ತಿಂದೆ ಅಂದ್ರೆ ಸಮಾಧಾನ ಆಗುತ್ತೆ ಅನ್ನಿಸ್ತು. ಆಯ್ತಲ್ಲ. ಅವತ್ತು ಗೊರಕೆ ಹೊಡೆದೆ."

"ಮತ್ತೆ ನೀವು?"

"ನಾನೇನು?"

"ನಿಮಗೆ ಗೊತ್ತಿತ್ತಲ್ಲ, ತಿಂದಿಲ್ಲ ಅಂತ. ಹಾಗಾದ್ರೆ ಇನ್ನೊಂದೇ ಅಂತ ಅಂದ್ಕೊಂಡು... ಅಷ್ಟು ದಿನ ಒಬ್ಬರೇ..."

ಮುಂದಕ್ಕೆ ನನ್ನಿಂದ ಆಗಲಿಲ್ಲ. ಕಿಟಕಿಯಾಚೆ ಯಾರೋ ಸೈಕಲ್ಲಿನ ಬೆಲ್ಲು ಹೊಡೆಯುತ್ತ ಹೋದರು. ಆಮೇಲೆ, ಉಪ್ಪು ಬೇಕೆಂದು ಕೇಳಲೂ ಬಾಯಿ ತೆರೆಯದ ಮನುಷ್ಯ, ಚಿಕ್ಕಪ್ಪ ಎದುರಿಗಿದ್ದಾರೆಂಬುದನ್ನೂ ಮರೆತು ಕೇಳಿದರು:

"ಹಾಗಾದ್ರೆ ನಾನು ಸಾಯಲ್ವೇನೇ?"

"ಇಲ್ಲ," ಎಂದೆ. ಆ ಗಳಿಗೆಗೆ ಅದು ನನಗೂ ಗೊತ್ತಿರಲಿಲ್ಲ. ಡಾಕ್ಟರಮ್ಮ ಅದೇ ಮಾತನ್ನು ಹೇಳಿದ್ದು ಎಷ್ಟೋ ಆಮೇಲೆ, ಚಿಕ್ಕಮಾವ ಆಲೂಗಡ್ಡೆ ಹಿಟ್ಟಿನಿಂದ ಅಂಟು ಕಾಯಿಸಲು ಕಲಿತು, ಇವರ ಹತ್ತಿರ ಒದ್ದೆ ಸ್ಪಂಜು ಬಂದು ಕೂತು, ರಕ್ತದ ರಿಪೋರ್ಟು ಮತ್ತೆ ಇಳಿಯತೊಡಗಿದ ಮೇಲೆ. ಅವತ್ತು ನನ್ನ ಹತ್ತಿರ ಇದ್ದದ್ದು ಬರೀ ಬಾಯಿ. "ಸಾಯೋಕೆ ಬಿಡ್ತೀನಾ? ಸುಳ್ಳು ಹೇಳಿದ್ದಕ್ಕೆ ನನ್ನ ಕೈಲಿ ತಿನ್ನೋದು ಇನ್ನೂ ಬೇಕಾದಷ್ಟಿದೆ," ಎಂದೆ.

ಕಾಯಿಲೆ ಬಂದಾಗಿನಿಂದ, ಕ್ಯಾಮೆರಾ ಇಳಿಸುವಾಗ ಸಹ, ಅವರ ಕಣ್ಣಲ್ಲಿ ನಾನು ನೀರು ನೋಡಿರಲಿಲ್ಲ. ಈಗ ದಳದಳನೆ ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಮುಖದ ಹತ್ತಿರ ಹೋಯಿತು, ನಾನು ಪಟ್ಟನೆ ಹಿಡಿದು ಕೆಳಗೆಳೆದೆ.

"ಆ ಕೈಯಲ್ಲಿ ಮುಖ ಮುಟ್ಟಬೇಡಿ! ಮೊದ್ಲು ತೊಳ್ಕೊಂಡು ಬನ್ನಿ. ಆಮೇಲೆ ಅಳೀರಂತೆ."

ಅವರು ತಲೆಯಾಡಿಸಿ ಎದ್ದರು. ಎರಡು ಕೈಯನ್ನೂ ಮೈಯಿಂದ ದೂರ ಹಿಡಿದುಕೊಂಡು, ಅಳುತ್ತಲೇ ನಲ್ಲಿಯ ಹತ್ತಿರ ಹೋದರು. ಸೋಪು ಹಾಕಿ, ಬೆರಳ ಸಂದಿ, ಉಗುರಿನ ಸಂದಿ ಬಿಡದೆ ತಿಕ್ಕಿ ತೊಳೆದರು. ಮತ್ತೊಂದು ಸಲ ಸೋಪು ಹಾಕಿದರು. ನಾನು ನನ್ನ ಏಪ್ರನ್ನಿನ ತುದಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.